ನಾಲಿಗೆಯ ಹರಕೆ



ಜಪಸರ ಹಿಡಿದು ಬೆಟ್ಟ ಹತ್ತಿ ಬಂದಿದ್ದೀರಿ. ಕಾಲು ನೋಯುತ್ತಿದೆ. ಆದರೆ ದಾರಿಯುದ್ದಕ್ಕೂ ಬಾಯಿ ಏನು ಮಾಡಿತು? ಒಂದು ಮಣಿಗೆ ನಮೋ ಮರಿಯ, ಇನ್ನೊಂದು ಮಣಿಗೆ ಓರಗಿತ್ತಿಯ ಮೇಲೆ ದೂರು. ನಾನು ಹಾಗೆ ಮಾಡಿಲ್ಲ ಅಂತ ಎದೆ ಮುಟ್ಟಿ ಹೇಳೋರು ಎಷ್ಟು ಜನ?

ಸಂತ ಯಕೋಬರು ತಮ್ಮ ಪತ್ರದ 3ನೇ ಅಧ್ಯಾಯದಲ್ಲಿ ನಾಲಿಗೆಯನ್ನು ಬೆಂಕಿಗೆ ಹೋಲಿಸುತ್ತಾರೆ. ಕಾಡು ಸುಡಲು ಒಂದು ಕಿಡಿ ಸಾಕು. ದೇವರನ್ನು ಸ್ತುತಿಸುವ ಬಾಯಿಂದಲೇ ದೇವರ ಹೋಲಿಕೆಯಲ್ಲಿ ಹುಟ್ಟಿದವರನ್ನು ಶಪಿಸುವುದು ಸಲ್ಲದು ಎನ್ನುತ್ತಾರೆ.

ಸಂತ ಪೇತ್ರರನ್ನು ನೆನೆಯಿರಿ. ಪ್ರಾಣ ಬೇಕಾದರೂ ಕೊಡ್ತೀನಿ ಅಂದ ನಾಲಿಗೆಯೇ ಅದೇ ರಾತ್ರಿ, ಪ್ರಧಾನ ಯಾಜಕನ ಅಂಗಳದ ಬೆಂಕಿಯ ಬಳಿ, ಗುರುವನ್ನು ಮೂರು ಸಲ ನಿರಾಕರಿಸಿತು. ಕೋಳಿ ಕೂಗಿತು, ಪೇತ್ರರು ಬಿಕ್ಕಿ ಬಿಕ್ಕಿ ಅತ್ತರು. ಆಡಿದ ಮಾತು ಮಾತ್ರ ವಾಪಸ್ ಬರಲಿಲ್ಲ. ಪುನರುತ್ಥಾನರಾದ ಯೇಸುಸ್ವಾಮಿ ಸರೋವರದ ದಡದಲ್ಲಿ, ಮತ್ತೆ ಕೆಂಡದ ಬಳಿಯೇ, ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳಿದರು. ತಪ್ಪಿದ ನಾಲಿಗೆಗೆ ತಿದ್ದಿಕೊಳ್ಳಲು ಅವಕಾಶ ಕೊಟ್ಟರು.

ನಮಗೂ ಆ ಅವಕಾಶವಿದೆ. ಪರಮಪ್ರಸಾದ ಸ್ವೀಕರಿಸುವುದೂ ಇದೇ ನಾಲಿಗೆ ತಾನೇ? ಪಾಪನಿವೇದನೆಯಲ್ಲಿ ಕೋಪ ಬಂತು ಎಂದಷ್ಟೇ ಹೇಳಿ ಮುಗಿಸಬೇಡಿ. ಯಾರ ಮಾನ ಕಳೆದಿರೋ ಅವರ ಮನೆ ಬಾಗಿಲಿಗೂ ಹೋಗಿ. ಮೇಣದ ಬತ್ತಿ ಹಚ್ಚಿ ಇಳಿಯುವಾಗ ಒಂದು ಹರಕೆ ಹೊರಿರಿ: ಮಾತು ಬಿಟ್ಟವರ ಜೊತೆ ಮೊದಲ ಮಾತು ನಾನೇ ಆಡ್ತೀನಿ.

ಪ್ರಭುವೇ, ನಮ್ಮ ನಾಲಿಗೆಯನ್ನು ಪಾವನಗೊಳಿಸು. ಆಮೆನ್.