ಕೃತಕ ದೃಷ್ಟಿ ಮತ್ತು ಕೊಡುವವನ ಹೊಣೆ

ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ದೃಷ್ಟಿದಾನವೆಂದರೆ ನೆನಪಾಗುವುದು ಪೊರೆಯ ಶಸ್ತ್ರಕ್ರಿಯೆ, ಬಳಿಕ ನೇತ್ರದಾನ. ೨೦೦೬ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. ೨೦೨೧ರ ಅಕ್ಟೋಬರ್ ೨೯ರಂದು ಅವರ ಪುತ್ರ ಪುನೀತ್ ಅಗಲಿದಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಮರಳಿಸಿದರು.

ಆದರೆ ಕಾರ್ನಿಯಾ ಕಣ್ಣಿನ ಮುಂಭಾಗದ ಗಾಜಿನಂತಹದು. ಬೆಳಕನ್ನು ಗ್ರಹಿಸುವ ಹಿಂಬದಿಯ ಅಕ್ಷಿಪಟಲವೇ ಕ್ಷಯಿಸಿದವರಿಗೆ ಅದರಿಂದ ಪ್ರಯೋಜನವಿಲ್ಲ. ಇರುಳುಗುರುಡಾಗಿ ತೊಡಗಿ, ಕ್ರಮೇಣ ನೋಟದ ಅಂಚುಗಳನ್ನೆಲ್ಲ ಕಬಳಿಸುವ ಆನುವಂಶಿಕ ವ್ಯಾಧಿ ಇಂತಹದು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ನಾಡಿನ ರೂಢಿ ಅದರ ಸಂಭವವನ್ನು ಹೆಚ್ಚಿಸುತ್ತದೆ. (ಸಂಬಂಧ ಕುದುರಿಸುವ ವೇಳೆಯಲ್ಲಿ ಈ ಮಾತನ್ನು ಯಾರೂ ಕೇಳಲೊಲ್ಲರು.) ಇಂತಹವರಿಗಾಗಿ ಅಮೆರಿಕದ ಸೆಕೆಂಡ್ ಸೈಟ್ ಸಂಸ್ಥೆಯು ಆರ್ಗಸ್-೨ ಎಂಬ ಸಾಧನವನ್ನು ರೂಪಿಸಿತು. ಕನ್ನಡಕದಲ್ಲಿನ ಕ್ಯಾಮೆರಾ ಕಂಡ ದೃಶ್ಯವು, ಅಕ್ಷಿಪಟಲದ ಮೇಲೆ ಕೂರಿಸಿದ ೬೦ ವಿದ್ಯುದಗ್ರಗಳ ಮೂಲಕ, ಅಳಿದುಳಿದ ನರಕೋಶಗಳನ್ನು ಪ್ರಚೋದಿಸುತ್ತದೆ. ಕಾಣುವುದು ಬೆಳಕಿನ ಚುಕ್ಕೆಗಳು: ಬಾಗಿಲಿನ ಚೌಕಟ್ಟು, ಕಿಟಕಿಯ ಬೆಳಗು, ಎದುರಿಗೆ ಯಾರೋ ನಿಂತಿರುವ ಸುಳಿವು. ಮಗಳ ಮುಖವಲ್ಲ. ನೇತ್ರನರವೇ ಸತ್ತವರಿಗೆ ಅಷ್ಟೂ ಇಲ್ಲ.

ತತ್ತ್ವಾರ್ಥಸೂತ್ರವು ದ್ರವ್ಯೇಂದ್ರಿಯ, ಭಾವೇಂದ್ರಿಯಗಳೆಂದು ವಿಂಗಡಿಸಿರುವುದನ್ನು ವಾಚಕರು ಬಲ್ಲರು. ವೈದ್ಯನ ಕೈ ತಲುಪುವುದು ಮೊದಲನೆಯದನ್ನು ಮಾತ್ರ. ಆ ಚುಕ್ಕೆಗಳನ್ನು ಬಾಗಿಲೆಂದು ಅರಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅಲ್ಲಿ ದುಡಿಯುವುದು ನೋಡುವವನ ಉಪಯೋಗವೇ.

ಈ ಸಾಧನಕ್ಕೆ ೨೦೧೧ರಲ್ಲಿ ಯುರೋಪಿನಲ್ಲಿ, ೨೦೧೩ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರು. ಸುಮಾರು ೩೫೦ ಜನರಿಗೆ ಅಳವಡಿಸಿದ ಬಳಿಕ, ೨೦೧೯ರ ಹೊತ್ತಿಗೆ ಸಂಸ್ಥೆ ಅದನ್ನು ಕೈಬಿಟ್ಟಿತು. ೨೦೨೦ರಲ್ಲಿ ಬಹುಪಾಲು ನೌಕರರನ್ನು ಕಳುಹಿಸಿತು. ಹೊರಗಿನ ಯಂತ್ರ ಕೆಟ್ಟವರಿಗೆ ಬಿಡಿಭಾಗವಿಲ್ಲ, ರಿಪೇರಿಯಿಲ್ಲ. ಒಳಗಿನದು ಕಣ್ಣಿನಲ್ಲಿಯೇ ಉಳಿಯಿತು. ಒಮ್ಮೆ ಕುರುಡಾದವರು ಮತ್ತೊಮ್ಮೆ ಕುರುಡಾದರು.

ಕುಡಿದೊಡನೆ ಮುಗಿಯುವ ಔಷಧವನ್ನು ಕೊಟ್ಟವನ ಹೊಣೆ ಅಲ್ಲಿಗೆ ಮುಗಿಯಬಹುದು. ದೇಹದಲ್ಲಿ ನೆಲೆಸುವ ಯಂತ್ರದ ವಿಷಯ ಹಾಗಲ್ಲ. ಬಸದಿ ಕಟ್ಟಿಸಿದ ನಮ್ಮ ಪೂರ್ವಿಕರು ಕಳಸವಿಟ್ಟು ಹೊರಟುಹೋಗಲಿಲ್ಲ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಬಿಟ್ಟು, ಶಾಸನ ಹಾಕಿಸಿದರು. ಬಿರುಕು ಬಿಡುವುದು ಕಲ್ಲಿನ ಸ್ವಭಾವವೆಂದು ಬಲ್ಲವರ ದಾನವದು. ಕಣ್ಣಿನೊಳಗೆ ಯಂತ್ರವಿಡುವವರು ಅಂತಹ ದತ್ತಿಯನ್ನು ಮೊದಲೇ ತೆಗೆದಿಡಬೇಕಲ್ಲವೆ?

ಹಾಗೆಂದು ಪೊರೆಯ ಚಿಕಿತ್ಸೆಯೊಂದೇ ಸಾಕು, ಉಳಿದದ್ದು ಅವರವರ ಕರ್ಮವೆಂದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನೋವು ಅವನದು, ಸಿದ್ಧಾಂತ ಮಾತ್ರ ನಮ್ಮದು! ವಿಜ್ಞಾನವೂ ಮುಂದುವರಿದಿದೆ. ಇಳಿವಯಸ್ಸಿನಲ್ಲಿ ಅಕ್ಷಿಪಟಲದ ನಡುಭಾಗ ಸವೆದವರಿಗಾಗಿ ಪ್ರೈಮಾ ಎಂಬ, ೨ ಮಿಲಿಮೀಟರ್ ಅಗಲದ ತಂತಿರಹಿತ ಬಿಲ್ಲೆಯನ್ನು ಯುರೋಪಿನಲ್ಲಿ ೩೮ ಜನರಿಗೆ ಅಳವಡಿಸಲಾಯಿತು. ೨೦೨೫ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ಕೊನೆಗೆ ಪರೀಕ್ಷಿಸಿದ ೩೨ ಜನರಲ್ಲಿ ೨೬ ಮಂದಿಯ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು.

ಮುಂದೊಂದು ದಿನ ಅಜ್ಜಂಪುರದ ಕುಟುಂಬವೊಂದು ಇದಕ್ಕಾಗಿ ಅರ್ಜಿ ಹಿಡಿದು ಬಂದರೆ, ಬೆಲೆಪಟ್ಟಿಯ ಜೊತೆಗೆ ಇನ್ನೊಂದು ಪತ್ರವನ್ನೂ ಟ್ರಸ್ಟಿನವರು ಕೇಳಲಿ: ಬಿಡಿಭಾಗಗಳು ಎಷ್ಟು ವರ್ಷ ದೊರೆಯುತ್ತವೆ, ಸಂಸ್ಥೆ ಮುಚ್ಚಿದರೆ ಯಾರು ನೋಡಿಕೊಳ್ಳುತ್ತಾರೆ, ತೆಗೆಯಬೇಕಾಗಿ ಬಂದರೆ ಆ ಶಸ್ತ್ರಕ್ರಿಯೆಯ ವೆಚ್ಚ ಯಾರದು? ಅದಕ್ಕೆ ಲಿಖಿತ ಉತ್ತರ ಬರುವವರೆಗೆ ಆ ಹಣ ಅವನ ಬಿಳಿಕೋಲಿನ ತರಬೇತಿಗೆ, ಬ್ರೈಲ್ ಕಲಿಕೆಗೆ, ಓದಿ ಹೇಳುವ ಫೋನಿಗೆ ಸಲ್ಲಲಿ.