ಎರಡು ರೆಕ್ಕೆಗಳ ಸಮಪ್ರಮಾಣ

ಕೈಯಾರೆ ಮಾಡಿದ ವಸ್ತುವನ್ನು ಬಂಧುಗಳಿಗೆ ಒಪ್ಪಿಸುವುದು ಗೃಹಸ್ಥಜೀವನದ ಹಿರಿಯ ಸಂತೋಷಗಳಲ್ಲೊಂದು. ಅಂಗಡಿಯಿಂದ ತಂದ ವಸ್ತುವಿನಲ್ಲಿ ಹಣ ಮಾತ್ರ ಇರುತ್ತದೆ. ಸ್ವಂತ ಕೈಯಿಂದ ಮಾಡಿದುದರಲ್ಲಿ ಮಾಡಿದವನ ಕಾಲವೂ ಶ್ರಮವೂ ಮನಸ್ಸೂ ಬೆರೆತಿರುತ್ತವೆ. ಕಾಯಕವನ್ನು ಪೂಜೆಯ ಪದವಿಗೇರಿಸಿದ ಶಿವಶರಣರ ಮಾರ್ಗದಲ್ಲಿ ನಡೆಯುವವರು ಇಂಥ ಕೊಡುಗೆಯನ್ನು ಆದರಿಸುವುದು ಸಹಜವೇ ಆಗಿದೆ. ಆದರೆ ಕಾಯಕಕ್ಕೆ ಶುದ್ಧಿ ಬೇಕಾಗಿರುವಂತೆ ಕೊಡುಗೆಗೂ ಶುದ್ಧಿ ಬೇಕು. ಆ ಶುದ್ಧಿ ಯಾವುದೆಂಬುದನ್ನು ಒಂದು ದೃಷ್ಟಾಂತದಿಂದ ವಿಚಾರಿಸಬಹುದು.

ಆನವಟ್ಟಿಯಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸೋಣ. ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆಯನ್ನು ಕಂಡು ಬೆಳೆದವನು. ಉಳಿ ಹಿಡಿದರೆ ಕೈ ನಡುಗದವನು. ಕೊಟ್ಟ ಮನೆಯಲ್ಲಿರುವ ತಂಗಿಗೆ ಹತ್ತು ವರ್ಷದ ಮಗನಿದ್ದಾನೆ. ಆ ಹುಡುಗನಿಗೆ ವಿಮಾನವೆಂದರೆ ಪ್ರಾಣ. ದೀಪಾವಳಿಗೆ ಅವನು ತಾಯಿಯೊಡನೆ ಸೋದರಮಾವನ ಮನೆಗೆ ಬರುವಷ್ಟರಲ್ಲಿ ಮರದ ಕಿರುವಿಮಾನವೊಂದನ್ನು ಸಿದ್ಧಪಡಿಸಬೇಕೆಂದು ಮಾವನು ಸಂಕಲ್ಪಿಸುತ್ತಾನೆ. ಯಾವುದೋ ಒಂದು ಆಟಿಕೆಯಲ್ಲ, ಕನ್ನಡನಾಡಿನಲ್ಲೇ ಹುಟ್ಟಿದ ವಿಮಾನದ ಪ್ರತಿಕೃತಿಯೇ ಆಗಬೇಕೆಂಬುದು ಅವನ ಆಸೆ. ಆದುದರಿಂದ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ಎಂಬ ಶಿಕ್ಷಣವಿಮಾನವನ್ನು ಆರಿಸಿಕೊಳ್ಳುತ್ತಾನೆ. ಗುರುವೂ ಶಿಷ್ಯನೂ ಒಬ್ಬರ ಹಿಂದೊಬ್ಬರು ಕುಳಿತು ಹಾರುವ ವಿದ್ಯೆಯನ್ನು ಅಭ್ಯಾಸ ಮಾಡುವುದಕ್ಕಾಗಿ ನಿರ್ಮಿಸಿದ ವಿಮಾನವದು.

ಅದರ ರೆಕ್ಕೆಗಳ ಒಟ್ಟು ಹರವು ಸುಮಾರು 10.7 ಮೀಟರು, ಉದ್ದ ಸುಮಾರು 7.5 ಮೀಟರು. ಇದನ್ನು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದರೆ ಹರವು ಸುಮಾರು 45 ಸೆಂಟಿಮೀಟರು, ಉದ್ದ ಸುಮಾರು 31 ಸೆಂಟಿಮೀಟರು ಆಗುತ್ತದೆ. ಚನ್ನಪಟ್ಟಣದ ಬೊಂಬೆಗಾರರು ಬಳಸುವ ಹಾಲೆಮರದ ತುಂಡನ್ನು ತಂದು, ಮೇಲಿನಿಂದ, ಮಗ್ಗುಲಿನಿಂದ, ಎದುರಿನಿಂದ ಕಾಣುವ ಮೂರು ನಕ್ಷೆಗಳನ್ನು ಬರೆದು, ಮಳೆಗಾಲದ ಸಂಜೆಗಳಲ್ಲಿ ಅವನು ಕೆಲಸಕ್ಕೆ ತೊಡಗುತ್ತಾನೆ. ಗರಗಸ, ಉಳಿ, ಅರ, ಉಜ್ಜುಕಾಗದ ಒಂದೊಂದಕ್ಕೂ ಅದರದರ ಸರದಿಯುಂಟು.

ಇಲ್ಲಿ ಗಮನಿಸತಕ್ಕ ನಿಯಮವೊಂದಿದೆ. ಎಷ್ಟು ಕಿರಿದುಮಾಡಬೇಕೆಂಬುದನ್ನು ಮಾಡುವವನು ತನ್ನಿಚ್ಛೆಯಂತೆ ನಿಶ್ಚಯಿಸಬಹುದು. ಆದರೆ ನಿಶ್ಚಯಿಸಿದ ಮೇಲೆ ಎಲ್ಲ ಅಂಗಗಳನ್ನೂ ಅದೇ ಪ್ರಮಾಣದಲ್ಲಿ ಕಿರಿದುಮಾಡಬೇಕು. ಮೂತಿಗೊಂದು ಅಳತೆ, ಬಾಲಕ್ಕೊಂದು ಅಳತೆ ಸಲ್ಲದು. ನಾಡಿನ ಶಿಲ್ಪಿಗಳಿಗೆ ಇದು ಹೊಸ ಮಾತಲ್ಲ. ಮೂರ್ತಿಯ ಮುಖದ ಉದ್ದವನ್ನೇ ತಾಲವೆಂದು ಹಿಡಿದು ಉಳಿದ ಅಂಗಗಳನ್ನು ಅದರಿಂದ ಅಳೆಯುವುದು ಶಿಲ್ಪಶಾಸ್ತ್ರದ ಕ್ರಮ. ಆನವಟ್ಟಿಯ ಸಮೀಪದಲ್ಲೇ ಇರುವ ಕುಬಟೂರಿನ ಕೈಟಭೇಶ್ವರ ದೇವಾಲಯವು ಸುಮಾರು 1100ರ ಕಾಲದ್ದು. ಅದರ ಮಂಟಪದಲ್ಲಿ ಕಡೆದು ನುಣುಪುಗೊಳಿಸಿದ ಕಂಬಗಳು ಇಂದಿಗೂ ಮಾಡಿನ ಭಾರವನ್ನು ಸಮವಾಗಿ ಹೊತ್ತು ನಿಂತಿವೆ. ಒಂದು ಕಂಬ ಗಿಡ್ಡವಾದರೆ ಮಾಡು ನಿಲ್ಲುವುದೆಂತು?

ಅಳತೆ ಸತ್ಯವಾಗಿದ್ದರೆ ಮಾದರಿಯೂ ಸತ್ಯವನ್ನೇ ನುಡಿಯುತ್ತದೆ. ಅದೇ ಬೆಂಗಳೂರಿನಲ್ಲಿ ಮಾರುತ್ ಎಂಬ ಯುದ್ಧವಿಮಾನವನ್ನು ಕಟ್ಟುವ ಮುನ್ನ, ಅದೇ ಗಾತ್ರದ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ರಚಿಸಿ 1959ರಲ್ಲಿ ಹಾರಿಸಿ ಪರೀಕ್ಷಿಸಿದರು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಮರದ ಪ್ರತಿರೂಪವು ಸುಳ್ಳು ಅಳತೆಯದಾಗಿದ್ದರೆ ಅದರಿಂದ ಕಲಿಯುವುದೇನೂ ಇರುತ್ತಿರಲಿಲ್ಲ.

ಈಗ ಆ ಗೃಹಸ್ಥನ ಕಡೆಗೆ ತಿರುಗೋಣ. ಕೆಲಸ ಮುಗಿಯುತ್ತ ಬಂದಾಗ ಎಡಗಡೆಯ ರೆಕ್ಕೆ ಬಲಗಡೆಯದಕ್ಕಿಂತ ಒಂದು ಬೆರಳಿನಷ್ಟು ಗಿಡ್ಡವಾಗಿರುವುದು ಅವನ ಕಣ್ಣಿಗೆ ಬೀಳುತ್ತದೆ. ಹುಡುಗನಿಗೆ ತಿಳಿಯದು, ಬಣ್ಣ ಹಚ್ಚಿದರೆ ದೊಡ್ಡವರಿಗೂ ತಿಳಿಯದು. ಆದರೂ ಅವನು ಆ ರೆಕ್ಕೆಯನ್ನು ತೆಗೆದಿಟ್ಟು ಹೊಸದೊಂದನ್ನು ಕೆತ್ತುತ್ತಾನೆ. ಒಂದು ರೆಕ್ಕೆ ಗಿಡ್ಡವಾದ ವಿಮಾನವು ಗಾಳಿಯಲ್ಲಿ ಆ ಕಡೆಗೇ ವಾಲುವುದೆಂಬುದನ್ನು ಅವನು ಬಲ್ಲನು. ಇದು ಮೆಚ್ಚತಕ್ಕ ನಿಷ್ಠೆಯೇ ಸರಿ.

ಆದರೆ ಅದೇ ಮನೆಯಲ್ಲಿ ತಂದೆ ಬಿಟ್ಟುಹೋದ ಪಿತ್ರಾರ್ಜಿತ ಅಡಿಕೆಯ ತೋಟವಿದೆ. ತಂಗಿಯ ಪಾಲನ್ನು ಅಣ್ಣ ಕೊಟ್ಟಿಲ್ಲ. ಮದುವೆಗೆ ಖರ್ಚು ಮಾಡಿದೆವಲ್ಲ, ಹಬ್ಬಕ್ಕೆ ಸೀರೆ ಕೊಡುತ್ತೇವಲ್ಲ ಎಂಬುದು ಅವನ ಸಮಾಧಾನ. ಹಕ್ಕುಬಿಡುಗಡೆಯ ಪತ್ರವೊಂದನ್ನು ಬರೆಯಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾನೆ. ಹಬ್ಬದ ಊಟವಾದ ಮೇಲೆ, ಮಗನು ವಿಮಾನವನ್ನು ಹಿಡಿದು ಅಂಗಳದಲ್ಲಿ ಕುಣಿಯುತ್ತಿರುವಾಗ, ತಂಗಿಯ ಸಹಿ ಪಡೆಯುವುದು ಸುಲಭವೆಂದು ಅವನ ಮನಸ್ಸಿನ ಮೂಲೆಯೊಂದು ಎಣಿಸುತ್ತದೆ.

ಮರದಲ್ಲಿ ಒಂದು ಬೆರಳಿನ ವ್ಯತ್ಯಾಸವನ್ನು ಸಹಿಸದವನು ಮನೆಯಲ್ಲಿ ಒಂದು ರೆಕ್ಕೆಯನ್ನೇ ಕತ್ತರಿಸಲು ಹೊರಟಿದ್ದಾನೆ! ಒಂದೇ ಒಡಲಿನ ಎರಡು ರೆಕ್ಕೆಗಳಲ್ಲವೇ ಅಣ್ಣ ತಂಗಿಯರು? ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿ ಸಾರಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿದೆ. ಕಾನೂನು ಹೇಳುವುದಕ್ಕೆ ಎಷ್ಟೋ ಶತಮಾನ ಮೊದಲೇ ಶರಣರು ಸ್ತ್ರೀಯನ್ನು ಅನುಭವಮಂಟಪದಲ್ಲಿ ಸಮಸಮಕ್ಕೆ ಕೂರಿಸಿದರು. ಷಟ್‌ಸ್ಥಲಗಳಲ್ಲಿ ಎರಡನೆಯದಾದ ಮಾಹೇಶ್ವರಸ್ಥಲದ ಲಕ್ಷಣವೇ ನಿಷ್ಠೆ; ಪರಧನವನ್ನು ಮುಟ್ಟದಿರುವುದು ಆ ನಿಷ್ಠೆಯ ಮೊದಲ ಗುರುತು. ತಂಗಿಯ ಪಾಲು ತನ್ನ ಮನೆಯಲ್ಲಿದ್ದರೂ ಅಣ್ಣನಿಗೆ ಅದು ಪರಧನವೇ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ಅರಿಯದ ಭಕ್ತರಿಲ್ಲ. ಬೀದಿಯಲ್ಲಿ ಆಯ್ದ ಅಕ್ಕಿಗೇ ಇಷ್ಟು ವಿಚಾರವಾದರೆ, ಒಡಹುಟ್ಟಿದವಳ ಪಾಲಿಗೆ ಎಷ್ಟಿರಬೇಕು?

ಹಾಗಾದರೆ ಕಿರುವಿಮಾನವನ್ನು ಕೊಡಬಾರದೇ? ಅವಶ್ಯವಾಗಿ ಕೊಡಬೇಕು. ಆದರೆ ಋಣವನ್ನು ತೀರಿಸುವುದು ಬೇರೆ, ಪ್ರೀತಿಯಿಂದ ಕೊಡುವುದು ಬೇರೆ. ಮೊದಲನೆಯದು ನಡೆಯದೆ ಎರಡನೆಯದನ್ನು ಮಾಡಿದರೆ ಅದು ಕೊಡುಗೆಯಾಗದೆ ಬಲೆಯಾಗುತ್ತದೆ. ಮಗುವಿನ ಸಂತೋಷವನ್ನು ತಾಯಿಯ ಬಾಯಿಗೆ ಬೀಗವಾಗಿ ಬಳಸುವುದಕ್ಕಿಂತ ಹೀನವಾದುದು ಬೇರೆ ಯಾವುದು? ಆದುದರಿಂದ ಹಬ್ಬಕ್ಕೆ ಮುಂಚೆಯೇ ಪೆಟ್ಟಿಗೆಯಲ್ಲಿರುವ ಪತ್ರವನ್ನು ಹರಿಯಬೇಕು. ತೋಟದ ಲೆಕ್ಕವನ್ನು ತಂಗಿಯ ಮುಂದಿಟ್ಟು, ಇದು ನಿನ್ನದು ಎಂದು ಹೇಳಬೇಕು. ಅವಳು ತೆಗೆದುಕೊಂಡರೆ ಅದು ನ್ಯಾಯ. ತಾನಾಗಿಯೇ ಸಂತೋಷದಿಂದ ಬಿಟ್ಟರೆ ಅದು ಅವಳ ದಾನ. ಬಿಟ್ಟುಕೊಡುವ ಅಧಿಕಾರ ಅವಳಿಗುಂಟು. ಬಿಡಿಸಿಕೊಳ್ಳುವ ಅಧಿಕಾರ ಅಣ್ಣನಿಗಿಲ್ಲ.

ಅನಂತರ ಆ ಹುಡುಗನ ಕೈಗೆ ವಿಮಾನವನ್ನಿಡಲಿ. ಅವನು ಒಂದೇ ವಾರದಲ್ಲಿ ಅದರ ಚಕ್ರವನ್ನು ಮುರಿದಾನು, ಅದಕ್ಕಾಗಿ ಕೊರಗಬೇಕಾಗಿಲ್ಲ. ನಾನು ಮಾಡಿದೆ, ನಾನು ಕೊಟ್ಟೆ ಎಂಬುದನ್ನು ಮರೆತು ಕೊಟ್ಟದ್ದು ದಾಸೋಹ. ಮುರಿದ ಚಕ್ರವನ್ನು ಮತ್ತೆ ಕೆತ್ತಿ ಕೂರಿಸಬಹುದು. ವಂಚನೆಯಿಂದ ಮುರಿದ ಒಡಹುಟ್ಟಿನ ನಂಟಿಗೆ ತೇಪೆ ಹಾಕುವ ಉಳಿ ಯಾವ ಗುಡಿಗಾರನ ಬಳಿಯಲ್ಲೂ ಇಲ್ಲ. ಈ ಹಬ್ಬಕ್ಕೆ ಬಂಧುಗಳಿಗೆ ಉಡುಗೊರೆ ಸಿದ್ಧಪಡಿಸುವ ಸದ್ಭಕ್ತರು ಕೈಯಲ್ಲಿ ಹಿಡಿದ ಅಳತೆಯ ಕೋಲನ್ನೇ ಒಮ್ಮೆ ಮನೆಯ ಲೆಕ್ಕಕ್ಕೂ ಹಿಡಿದು ನೋಡುವುದು ಒಳ್ಳೆಯದು.