ನೋಟದ ಬೆಲೆ

ನೋಡುವುದರಿಂದ ಯಾರಿಗೇನು ನಷ್ಟ? ಹಕ್ಕಿ ನೋಡುವ ಹುಚ್ಚಿನವರೆಲ್ಲ ಈ ಪ್ರಶ್ನೆಯನ್ನೇ ಉತ್ತರದಂತೆ ಬಳಸುತ್ತೇವೆ. ಬೇಟೆಗಾರ ಕೊಲ್ಲುತ್ತಾನೆ, ಬಲೆಯವನು ಪಂಜರಕ್ಕೆ ಹಾಕುತ್ತಾನೆ. ನಾವು ದುರ್ಬೀನು ಹಿಡಿದು ನಿಲ್ಲುತ್ತೇವೆ, ಅಷ್ಟೆ. ಆಕ್ಸ್‌ಫರ್ಡಿನ ಪೋರ್ಟ್ ಮೆಡೋದಲ್ಲಿ ಎರಡು ಶರತ್ಕಾಲ ಕಳೆದ ಮೇಲೆ ಆ ‘ಅಷ್ಟೆ’ ನನ್ನ ಬಾಯಿಗೆ ಸಲೀಸಾಗಿ ಬರುತ್ತಿಲ್ಲ.

ಥೇಮ್ಸ್ ದಂಡೆಯ ಈ ಹುಲ್ಲುಗಾವಲು ಊರಿನ ಗೋಮಾಳ. ಊರವರ ಮೇವಿನ ಹಕ್ಕಿನ ಮಾತು 1086ರ ಡೂಮ್ಸ್‌ಡೇ ಪುಸ್ತಕದಷ್ಟು ಹಳೆಯದು. ಇಂದಿಗೂ ದನ, ಕುದುರೆಗಳು ಮೇಯುತ್ತವೆ. ಮಳೆಗೆ ಹೊಳೆ ಉಕ್ಕಿದರೆ ತಗ್ಗಿನಲ್ಲಿ ನೀರು ನಿಂತು ಗೋಮಾಳ ಕೆರೆಯಾಗುತ್ತದೆ. ಆಗ ಉತ್ತರದಿಂದ ವಿಜನ್ ಬಾತುಗಳು ಇಳಿಯುತ್ತವೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುವ ಜಾತಿಯೇ: ಗಂಡಿಗೆ ಕಂದುಗೆಂಪು ತಲೆ, ಹಣೆಯಲ್ಲಿ ಬೆಣ್ಣೆಬಣ್ಣದ ಪಟ್ಟಿ. ಬಾತು ಎಂದರೂ ಇದು ದನದಂತೆ ಹುಲ್ಲು ಮೇಯುವ ಹಕ್ಕಿ. ಹುಲ್ಲಿನಲ್ಲಿ ಕಸುವು ಕಡಿಮೆ, ಮೆಲುಕು ಹಾಕುವ ಹೊಟ್ಟೆಯೂ ಇದಕ್ಕಿಲ್ಲ. ಹಾಗಾಗಿ ಗಂಟೆಗಟ್ಟಲೆ ತಲೆ ತಗ್ಗಿಸಿ ಮೇಯುತ್ತಲೇ ಇರಬೇಕು, ರಾತ್ರಿಯೂ.

ನಾವು ಹತ್ತಿರವಾದಂತೆ ಮೊದಲು ಏಳುವುದು ರೆಕ್ಕೆಯಲ್ಲ, ತಲೆ. ಒಂದು, ಆಮೇಲೆ ಮೂರು, ಆಮೇಲೆ ಇಡೀ ಹಿಂಡು. ತಲೆ ಎತ್ತಿದ ಹಕ್ಕಿ ಮೇಯುತ್ತಿಲ್ಲ. ಇನ್ನೂ ನಡೆದರೆ ಎಲ್ಲವೂ ಸಿಳ್ಳೆ ಹಾಕುತ್ತ ಒಟ್ಟಿಗೇ ಏಳುತ್ತವೆ. ಎಂಥ ದೃಶ್ಯ ಎನ್ನುತ್ತೇವೆ. ಕ್ಯಾಮೆರಾದವರಲ್ಲಿ ಕೆಲವರು ಕಾಯುವುದೇ ಇದಕ್ಕೆ. ಅದರ ಖರ್ಚು ಹಕ್ಕಿಯ ಮೈಕೊಬ್ಬಿನಿಂದ ಹೋಗುತ್ತದೆ.

ಡೇಗೆ ಎರಗಿದರೂ ಹಿಂಡು ಏಳುವುದಿಲ್ಲವೇ ಎಂದು ಗೆಳೆಯರೊಬ್ಬರು ವಾದಿಸಿದರು. ಡೇಗೆಗೆ ಹಸಿವಿದೆ, ನನಗಿರುವುದು ಆಸೆ. ಅವರ ಇನ್ನೊಂದು ಮಾತು ಇಷ್ಟು ಹಗುರವಲ್ಲ: ಹತ್ತಿರದಿಂದ ಕಂಡು ಮೆಚ್ಚಿದವರು ತಾನೇ ನಾಳೆ ಈ ಜಾಗ ಉಳಿಸಲು ನಿಲ್ಲುವುದು? ನಿಜ, ಕಾಣದ್ದನ್ನು ಪ್ರೀತಿಸುವವರು ಕಡಿಮೆ. ಆದರೆ ಇದು ವಿಚಿತ್ರ ಸಾಲ. ಕೊಟ್ಟದ್ದು ಬಾತು, ಪತ್ರಕ್ಕೆ ರುಜು ಹಾಕಿದ್ದು ನಾನು, ತೀರಿಸಬೇಕಾದವರು ಇನ್ನೂ ಬಂದೇ ಇಲ್ಲ.

ಜೈನ ಮುನಿಗಳಿಗೆ ಈರ್ಯಾಸಮಿತಿಯೆಂಬ ನಿಯಮವಿದೆ: ಯಾವ ಜೀವಿಯನ್ನೂ ತುಳಿಯದಂತೆ ಮುಂದಿನ ನೆಲ ನೋಡಿಕೊಂಡೇ ಹೆಜ್ಜೆಯಿಡಬೇಕು. ಅಲ್ಲಿ ಕಣ್ಣು ಕೆಲಸ ಮಾಡುವುದು ಇನ್ನೊಂದು ಜೀವಕ್ಕಾಗಿ. ನಮ್ಮ ಹವ್ಯಾಸದಲ್ಲಿ ಅದು ಬಹುಮಟ್ಟಿಗೆ ನಮ್ಮ ಸಲುವಾಗಿಯೇ ದುಡಿಯುತ್ತದೆ. ಎರಡನ್ನೂ ಕೂಡಿಸಲಾಗದೆಂದೇನಿಲ್ಲ. ದುರ್ಬೀನಿನಲ್ಲಿ ಗರಿಯ ಬಣ್ಣಕ್ಕಿಂತ ಮೊದಲು ಕತ್ತು ನೋಡಬಹುದು. ಒಂದು ಕತ್ತು ಎದ್ದರೂ ಅಲ್ಲೇ ನಿಲ್ಲಬಹುದು.

ಆದರೆ ನೆರೆಯ ಅಂಚು ದಿನಕ್ಕೊಂದು ಕಡೆ ಸರಿಯುತ್ತದೆ, ನಿನ್ನೆ ನಿಂತ ದೂರ ಇವತ್ತಿನ ಲೆಕ್ಕಕ್ಕೆ ಬರುವುದಿಲ್ಲ. ಹಿಂಡಿನ ಆಚೆ ಬದಿಯಲ್ಲಿ ಗುರುತು ಹತ್ತದ ಒಂದು ಹಕ್ಕಿಯೂ ಇದ್ದೇ ಇರುತ್ತದೆ. ಮೂವತ್ತು ಹೆಜ್ಜೆ ಮುಂದೆ ಹೋದರೆ ಹೆಸರು ತಿಳಿದೀತು. ಹೋಗದಿದ್ದರೆ ನೋಟ್‌ಬುಕ್ಕಿನಲ್ಲಿ ಆ ಸಾಲು ಖಾಲಿ.